ಒಂದು ಸುಳ್ಳಿಗೆ ಒಂದು ಕೊಡ ನೀರು

ಏಪ್ರಿಲ್ ತಿಂಗಳ ಭಾನುವಾರ. ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷ. ಸ್ಥಳ, ಮರವಂತೆಯ ಹತ್ತಿರ ಹೆದ್ದಾರಿಯ ಅಂಚಿನಲ್ಲಿದ್ದ ನಮ್ಮ ಶಾಲೆಯ ಅಂಗಳ. ಹಾಜರಿದ್ದವರು: ಹೆಡ್ ಮಾಸ್ತರರು, ಸಹಾಯಕ ಅಧ್ಯಾಪಕನಾದ ನಾನು, ಕುಂದಾಪುರದಿಂದ ಮೈಕ್ ಸೆಟ್ ತಂದಾತ, ಮೀನು ಮಾರುವ ಮುತ್ತಕ್ಕ. ಬರಬೇಕಾಗಿದ್ದವರು: ರೇಡಿಯೋ ನಾಟಕದ ನಟರು ಕಟ್ಟಿಕೊಂಡಿದ್ದ ಹಾಡಿನ ತಂಡ, ಮತ್ತು ಇಡೀ ಊರು.

ನನ್ನ ಹಳೆಯ ದಿನಚರಿಯಲ್ಲಿ ಆ ದಿನದ ಪುಟ ಹೀಗೆ ಆರಂಭವಾಗುತ್ತದೆ. ಅರವತ್ತರ ದಶಕದ ನಡುವಿನ ಪುಸ್ತಕ. ತಾರೀಕು ಬರೆದ ಮೂಲೆಯನ್ನು ಗೆದ್ದಲು ತಿಂದಿದೆ, ಗಂಟೆ ಉಳಿದಿದೆ. ಹೋದ ವಾರ ಹೆಡ್ ಮಾಸ್ತರರ ಹನ್ನೆರಡನೆಯ ದಿನದ ಊಟಕ್ಕೆ ಹೋಗಿ ಬಂದ ಮೇಲೆ ಅದನ್ನು ಕಪಾಟಿನಿಂದ ಹೊರಗೆ ತೆಗೆದೆ. ಊಟದ ಪಂಕ್ತಿಯಲ್ಲಿ ನನ್ನ ಎಡಕ್ಕೆ ಕುಳಿತವರು, "ನಮ್ ಹೆಡ್ ಮಾಷ್ಟ್ರ್ ಹುಟ್ಟಿದ್ಮೇಲೆ ಒಂದ್ ಸುಳ್ಳ್ ಹೇಳಿದವ್ರಲ್ಲ" ಎಂದರು. ಬಲಕ್ಕೆ ಕುಳಿತವರು ಪಾಯಸ ಸುರಿದುಕೊಳ್ಳುತ್ತ, "ಅವ್ರಷ್ಟ್ ಚಂದ ಮಾಡಿ ಸುಳ್ಳ್ ಹೇಳುಕೆ ಯಾರಿಗ್ ಬತ್ತ್ ಮಾರಾಯ್ರೆ?" ಎಂದರು. ಇಬ್ಬರೂ ಅವರ ಕೈಕೆಳಗೆ ಕಲಿತವರೇ. ನಾನು ಎಡಕ್ಕೂ ತಲೆಯಾಡಿಸಿದೆ, ಬಲಕ್ಕೂ ತಲೆಯಾಡಿಸಿದೆ. ಅವರ ಜೊತೆ ಒಂಬತ್ತು ವರ್ಷ ಕೆಲಸ ಮಾಡಿದವನು ಬೇರೇನು ಮಾಡಬೇಕಿತ್ತೋ ಗೊತ್ತಾಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ.

ಕುಳ್ಳಗಿನ ಮೈಕಟ್ಟು. ಕೊಡೆಯನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಳ್ಳುತ್ತಿದ್ದರು. ಬಡಗಿ ಪೆನ್ಸಿಲ್ ಇಟ್ಟುಕೊಳ್ಳುವಂತೆ ಕಿವಿಯ ಸಂದಿನಲ್ಲಿ ಒಂದು ಸೀಮೆಸುಣ್ಣದ ತುಂಡು. ಏನನ್ನಾದರೂ ತೀರ್ಮಾನಿಸಬೇಕಾದಾಗ ಅದನ್ನು ತೆಗೆದು ಬೆರಳ ನಡುವೆ ಎರಡು ಸುತ್ತು ತಿರುಗಿಸಿ ಮತ್ತೆ ಅಲ್ಲಿಯೇ ಇಡುತ್ತಿದ್ದರು. ಅಷ್ಟರೊಳಗೆ ತೀರ್ಮಾನ ಆಗಿರುತ್ತಿತ್ತು. ಮೈಯ ಅಳತೆಗೆ ಹೋಲಿಸಿದರೆ ಸ್ವರ ಬಹಳ ದೊಡ್ಡದು. ಶಾಲೆಯ ಹಿಂಗೋಡೆಯ ಆಚೆಗೇ ಕಡಲು. ಪಾಠ ಮಾಡುವುದೆಂದರೆ ದಿನವೂ ಅದರೊಂದಿಗೆ ಪೈಪೋಟಿ. "ಕಡಲಿಗಿಂತ ಒಂದ್ ಮೆಟ್ಲ್ ಮೇಲೆ ಮಾತಾಡಿ, ಎರಡ್ ಮೆಟ್ಲ್ ಬೇಡ. ಎರಡಾರೆ ಅದು ಬೈಗಳ್ ಆತ್ತ್" ಎಂದು ನನಗೆ ಮೊದಲ ವಾರವೇ ಹೇಳಿಕೊಟ್ಟಿದ್ದರು.

ಮೊದಲ ದಿನದ್ದನ್ನೂ ಹೇಳಬೇಕು. ನಾನು ಕೋಟದವನು, ಮನೆಯಲ್ಲಿ ಅದೇ ಕುಂದಾಪ್ರ ಮಾತು. ಆದರೆ ಟ್ರೈನಿಂಗ್ ಶಾಲೆಯಲ್ಲಿ ಎರಡು ವರ್ಷ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು, ಗಂಟೆಯ ಸದ್ದಿಗೆ ದೀಪ ಆರಿಸಿ ಕಲಿತು ಬಂದಿದ್ದೆ. ಶಾಲೆಯೊಳಗೆ ಪುಸ್ತಕದ ಭಾಷೆಯನ್ನೇ ಆಡುತ್ತಿದ್ದೆ. ಒಂಬತ್ತೂವರೆಗೆ ಸರಿಯಾಗಿ ಗಂಟೆ ಬಾರಿಸಲು ಕೈಯೆತ್ತಿದೆ. ಅವರು ಕೈ ಹಿಡಿದುಕೊಂಡರು.

"ಸ್ವಲ್ಪ ನಿಲ್ಲಿ ಮಾರಾಯ್ರೆ. ದೋಣಿ ಇನ್ನೂ ಹೊಳಿ ನಡು ಇತ್ತ್."

"ಒಂಬತ್ತೂವರೆ ಆಯಿತಲ್ಲ ಸಾರ್?"

"ನಿಮ್ ವಾಚಿಗ್ ಆಯ್ತ್. ಮಕ್ಳಿಗ್ ಆಯ್ಲಿಲ್ಲೆ."

ಹೊಳೆಯಾಚೆಯ ಮಕ್ಕಳು ಇಳಿದು ಅಂಗಳಕ್ಕೆ ಬಂದ ಮೇಲೆ ಗಂಟೆಯಾಯಿತು. ಆ ದಿನ ಒಂಬತ್ತೂವರೆ ಬಂದದ್ದು ಒಂಬತ್ತು ನಲವತ್ತೆರಡಕ್ಕೆ. ಇದು ಶಿಸ್ತೋ ಅಶಿಸ್ತೋ ಎಂದು ಅಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ.

ಅವರ ಶಾಲೆಯಲ್ಲಿ ಸುಳ್ಳಿಗೆ ಬೆತ್ತವಿರಲಿಲ್ಲ. ಹಿತ್ತಿಲಲ್ಲಿ, ಕಡಲ ಕಡೆಗೆ, ಒಂದು ತೆಂಗಿನ ಸಸಿ ಇತ್ತು. ಸುಳ್ಳು ಹೇಳಿದ ಮಗು ರಸ್ತೆಯ ಕಡೆಯ ಸಿಹಿನೀರಿನ ಬಾವಿಯಿಂದ ಒಂದು ಕೊಡ ಸೇದಿ, ಹೊತ್ತು ತಂದು ಅದರ ಬುಡಕ್ಕೆ ಹೊಯ್ಯಬೇಕು. ಯಾಕೆ ಹೊಯ್ಯುತ್ತಿದ್ದೀ ಎಂದು ಯಾರೂ ಕೇಳಬಾರದು. ಹೊಯ್ದ ಮೇಲೆ ಆ ಸುಳ್ಳಿನ ಮಾತನ್ನು ಯಾರೂ ಎತ್ತಬಾರದು. ಉಪ್ಪುಗಾಳಿಗೆ ಸುತ್ತಮುತ್ತಲಿನ ಸಸಿಗಳೆಲ್ಲ ಸುಟ್ಟುಹೋದರೂ ನಮ್ಮದು ದಪ್ಪ ಬುಡ ಬಿಟ್ಟು ನಿಂತಿತ್ತು. ಒಮ್ಮೆ ಇನ್‌ಸ್ಪೆಕ್ಟರರು ಅದನ್ನು ನೋಡಿ, "ಏನು ಗೊಬ್ಬರ ಹಾಕ್ತೀರಿ?" ಎಂದು ಕೇಳಿದರು. "ನಾವ್ ಎಂತದೂ ಹಾಕುದಿಲ್ಲೆ ಸಾರ್, ಮಕ್ಳೇ ಕಂಡ್ಕಂತ್ರ್" ಎಂದರು ಇವರು. ಏಳನೆಯ ತರಗತಿಯವರು ಬಾಯಿಗೆ ಪುಸ್ತಕ ಅಡ್ಡ ಹಿಡಿದುಕೊಂಡರು.

ನನಗೆ ಅರ್ಥವಾಗದಿದ್ದದ್ದು ಬೇರೆ. ಕೆಲವು ಸಂಜೆ ಶಾಲೆ ಬಿಟ್ಟ ಮೇಲೆ ಹೆಡ್ ಮಾಸ್ತರರೇ ಕೊಡ ಹೊತ್ತು ಹಿತ್ತಿಲ ಕಡೆ ಹೋಗುತ್ತಿದ್ದರು. ಒಂದು ಕೊಡ, ಹೆಚ್ಚೆಂದರೆ ಎರಡು. ಅಂದು ಮಕ್ಕಳಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲವಾದ್ದರಿಂದ ಸಸಿ ಬಾಡಬಾರದೆಂದು ಹೊಯ್ಯುತ್ತಾರೆ ಎಂದು ನಾನು ತಿಳಿದುಕೊಂಡೆ. ಆದರೆ ಮೂವರು ಮಕ್ಕಳು ಹೊಯ್ದ ದಿನವೂ ಅವರು ಕೊಡ ಹೊತ್ತದ್ದುಂಟು.

ಇನ್ನು ಕಾಗದ ಓದುವುದು. ಊರಿನ ಎಷ್ಟೋ ಹುಡುಗರು ಮುಂಬಯಿಯ ಹೋಟೆಲುಗಳಲ್ಲಿದ್ದರು. ಅಂಚೆಯವನು ಅವರ ಕಾಗದಗಳನ್ನು ಶಾಲೆಯಲ್ಲಿ ಕೊಟ್ಟು ಹೋಗುತ್ತಿದ್ದ; ತಾಯಂದಿರು ನಾಲ್ಕೂವರೆಯ ಮೇಲೆ ಬಂದು ಜಗಲಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ಹೆಡ್ ಮಾಸ್ತರರು ಪ್ರತಿಯೊಂದನ್ನೂ ಬರೆದ ಹುಡುಗನ ಸ್ವರದಲ್ಲಿ ಓದುತ್ತಿದ್ದರು. ಎಲ್ಲರೂ ಅವರ ಬಳಿ ಮಗ್ಗಿ ಕಲಿತವರೇ ಆದ್ದರಿಂದ ಯಾರು ಮೂಗಿನಲ್ಲಿ ಮಾತಾಡುತ್ತಾನೆ, ಯಾರು ಪದ ನುಂಗುತ್ತಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಮುತ್ತಕ್ಕನ ಮಗ ಮೂಗಿನವನು.

"ಅಮ್ಮಾ, ನಾನ್ ಚಂದ ಇದ್ದೆ. ಉಂಡ್ಕಂಡ್ ತಿಂದ್ಕಂಡ್ ಇದ್ದೆ. ನೀ ಸುಡು ಬಿಸ್ಲಂಗೆ ಮೀನ್ ಹೊತ್ಕಂಡ್ ಅಷ್ಟ್ ದೂರ ಹೋಪುದ್ ಬೇಡ..."

ಮುತ್ತಕ್ಕ ಬುಟ್ಟಿಯ ಮೇಲೆ ಕೈಯಿಟ್ಟು, "ಹೌದಾ ಮಗಾ? ಆಯ್ತ್ ಮಗಾ" ಎಂದು ಕಾಗದಕ್ಕೆ ಉತ್ತರ ಕೊಡುತ್ತಿದ್ದಳು. ಒಮ್ಮೆ ನಾನು ಪಕ್ಕದಲ್ಲಿ ಹಾಜರಿ ಪುಸ್ತಕ ತುಂಬುತ್ತಿದ್ದೆ. ಓದು ಹತ್ತು ನಿಮಿಷ ನಡೆಯಿತು. ಅವರು ಮಡಚುವಾಗ ಕಣ್ಣಿಗೆ ಬಿತ್ತು: ಕಾರ್ಡಿನಲ್ಲಿ ಮೂರೇ ಸಾಲು, ಉಳಿದದ್ದು ಖಾಲಿ. ನಾನು ಕನ್ನಡಕ ಒರೆಸಿಕೊಂಡೆ.

ಈಗ ಹಂಚಿನ ವಿಷಯ. ಹಿಂದಿನ ಮಳೆಗಾಲದಲ್ಲಿ ಕಡಲ ಗಾಳಿ ನಮ್ಮ ದೊಡ್ಡ ಕೋಣೆಯ ಸೋಗೆ ಮಾಡನ್ನು, ಇಡೀ ಚಾವಣಿಯನ್ನೇ, ಎತ್ತಿಕೊಂಡು ಹೋಯಿತು. ಅದೇ ವಾರ ಹಿಂಗೋಡೆಯ ಆಚೆಗಿದ್ದ ಮುತ್ತಕ್ಕನ ಮನೆಯೂ ಕಡಲಿಗೆ ಹೋಯಿತು. ಅವಳು ಕೈಗೆ ಸಿಕ್ಕ ಹಂಚುಗಳನ್ನು ಆಯ್ದು ರಸ್ತೆಯಾಚೆ ಪೇರಿಸಿ, ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡಳು. ಬೇಸಿಗೆಯಲ್ಲಿ ಇಲಾಖೆಯ ಕಾಗದ ಬಂತು: ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಹಂಚಿನ ಮಾಡು ಇರದಿದ್ದರೆ ಐದರಿಂದ ಏಳರವರೆಗಿನ ತರಗತಿಗಳನ್ನು ನಾಲ್ಕು ಮೈಲಿಯಾಚೆಯ ಶಾಲೆಗೆ ಸೇರಿಸಲಾಗುವುದು. ಹುಡುಗರು ನಡೆದಾರು. ಮಳೆಯಲ್ಲಿ ನಾಲ್ಕು ಮೈಲಿ ನಡೆಸಿ ಹುಡುಗಿಯರನ್ನು ಕಳಿಸುವ ಮನೆ ಆಗ ಒಂದೂ ಇರಲಿಲ್ಲ. ಮೂರು ತರಗತಿಗಳಲ್ಲಿ ಹುಡುಗಿಯರು ಹತ್ತೊಂಬತ್ತು. ಹೆಡ್ ಮಾಸ್ತರರು ಆ ಕಾಗದವನ್ನು ಓದುವಾಗ ಯಾರ ಸ್ವರವನ್ನೂ ಮಾಡಲಿಲ್ಲ.

ಪಂಚಾಯತಿನ ಜಗಲಿಯಲ್ಲಿ ಒಂದು ರೇಡಿಯೋ ಇತ್ತು. ಪ್ರತಿ ಬುಧವಾರ ಸಂಜೆ ನಾಟಕ. ಅದರಲ್ಲೊಬ್ಬ ಅಜ್ಜ. ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿ, "ಯಾರಪ್ಪಾ ಒಳಗೆ? ಬಾಗಿಲು ತೆಗೀರಿ, ನಾನು ಬಂದೆ" ಎಂದರೆ ಜಗಲಿಯಲ್ಲಿದ್ದವರೆಲ್ಲ ಸರಿದು ಜಾಗ ಮಾಡಿಕೊಡುತ್ತಿದ್ದರು. ಆ ನಟರು ಹಾಡಿನ ತಂಡ ಕಟ್ಟಿಕೊಂಡು ಈ ಕಡೆ ಬರುತ್ತಿದ್ದಾರೆಂದು ತಿಳಿದು ಹೆಡ್ ಮಾಸ್ತರರು ಕಾಗದ ಬರೆದರು. ಶಾಲೆಯ ಸಹಾಯಾರ್ಥ ಒಂದು ಮಧ್ಯಾಹ್ನ ಸಂಭಾವನೆಯಿಲ್ಲದೆ ಹಾಡುತ್ತೇವೆ, ಅಜ್ಜನ ಪಾತ್ರ ಮಾಡುವವರೂ ಬರುತ್ತಾರೆ ಎಂದು ಉತ್ತರ ಬಂತು. ರಟ್ಟಿನ ಮೇಲೆ ಬರೆದು ಬಸ್ ನಿಲ್ಲುವಲ್ಲಿ ತೂಗುಹಾಕಿದೆವು. ಕೆಳಗೆ: ಪ್ರವೇಶಕ್ಕೆ ತಲೆಗೆ ಎರಡು ಹಂಚು.

"ಟಿಕೆಟ್ ಇಡುವುದು ಒಳ್ಳೆಯದಲ್ಲವೇ ಸಾರ್?" ಎಂದು ಕೇಳಿದ್ದೆ.

"ದುಡ್ಡ್ ಕೇಂಡ್ರೆ ಅದ್ ಎಲ್ಲ್ ಹೋಯ್ತ್ ಅಂದೇಳಿ ಕೇಂತ್ರ್. ಹಂಚ್ ಕೇಂಡ್ರೆ ತಲೆ ಎತ್ತಿ ಮಾಡ್ ಕಾಂತ್ರ್. ಮುಗೀತ್."

ಎರಡು ಐವತ್ತರ ಬಸ್ಸಿನಿಂದ ತಂಡ ಇಳಿಯಿತು. ಐವರು ಗಂಡಸರು, ಒಬ್ಬ ಹೆಂಗಸು, ಹಾರ್ಮೋನಿಯಂ ಪೆಟ್ಟಿಗೆ, ತಬಲಾ, ಪಿಟೀಲು. ಕನ್ನಡಕದ ಮುಖ್ಯಸ್ಥರು ಕೈಮುಗಿದು ಮೊದಲು ಹೇಳಿದ್ದೇ ಕೆಟ್ಟ ಸುದ್ದಿ.

"ನಮ್ಮ ಅಜ್ಜ ಬರಲಿಲ್ಲ ಸಾರ್. ಹೊಟ್ಟೆ ಕೆಟ್ಟು ಬ್ರಹ್ಮಾವರದಲ್ಲೇ ಇಳಿದುಬಿಟ್ಟ. ಅಲ್ಲಿ ಅವನ ಚಿಕ್ಕಪ್ಪನ ಮನೆ ಇದೆ."

"ಪಾಪ, ವಯಸ್ಸಾದವರು" ಎಂದೆ ನಾನು.

"ವಯಸ್ಸೇನಿಲ್ಲ ಸಾರ್, ಇಪ್ಪತ್ತೆಂಟು. ಮದುವೆ ಗೊತ್ತಾಗಿದೆ."

ಹೆಡ್ ಮಾಸ್ತರರು, "ಹೊಟ್ಟೆ ಕೆಟ್ಟ್ರೆ ಅಜ್ಜನೂ ಒಂದೇ ಮೊಮ್ಮಗನೂ ಒಂದೇ. ನೀವ್ ಎಳ್ನೀರ್ ಕುಡೀನಿ. ಬರ್ಲಿಲ್ಲೆ ಅಂದೇಳಿ ಜನ ಕೂಕಂಡ ಮೇಲೆ ನಾನೇ ಹೇಳ್ತೆ" ಎಂದರು.

ಸರಿಯಾಗಿ ಮೂರಕ್ಕೆ ನಾನು ಗಂಟೆ ಬಾರಿಸಿದೆ. ಮಾಡಿಲ್ಲದ ದೊಡ್ಡ ಕೋಣೆಯಲ್ಲೇ ಕಾರ್ಯಕ್ರಮ. ಮೇಲೆ ನೆರಳಿಗೆ ತೆಂಗಿನ ಮಡಲಿನ ಚಪ್ಪರ, ಹಿಂದೆ ಎತ್ತರದ ಜಗಲಿಯೇ ವೇದಿಕೆ. ಬೆಂಚುಗಳ ಮೇಲೆ ಕುಳಿತವರು ಮುತ್ತಕ್ಕ ಮತ್ತು ನಾಲ್ಕು ಮಕ್ಕಳು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡಲಾರಂಭಿಸಿದರು. ಹೊರಗೆ ಹೋಗಿ ನೋಡಿದರೆ ಜನ ಬಂದಿದ್ದರು! ಗೇಟಿನ ಬಳಿ ಹಂಚು ಇಳಿಸಿ, ರಸ್ತೆಬದಿಯ ತೆಂಗುಗಳ ಕೆಳಗೆ, ಚಹದ ಅಂಗಡಿಯ ಮುಂದೆ, ದೋಣಿಗಳ ನೆರಳಲ್ಲಿ ಕಾಲು ಚಾಚಿ ಕುಳಿತಿದ್ದರು. ಇಬ್ಬರು ಗೊರಕೆ ಹೊಡೆಯುತ್ತಿದ್ದರು.

"ಕಾರ್ಯಕ್ರಮ ಶುರುವಾಗಿದೆ, ಒಳಗೆ ಬನ್ನಿ" ಎಂದೆ.

ಒಬ್ಬ ಮುದುಕ ನನ್ನನ್ನು ಸಮಾಧಾನ ಮಾಡುವವನಂತೆ ಹೇಳಿದ: "ಈಗ ಪೀಠಿಕೆ ಅಲ್ದಾ ಮಾಷ್ಟ್ರೆ? ಕೋಡಂಗಿ ಎಲ್ಲ ಕುಣ್ದ್ ಮುಗಿಲಿ. ಅಜ್ಜನ ವೇಷ ಬಪ್ಪತಿಗೆ ನಾವೂ ಬತ್ತೊ."

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಕಡೆಯ ಯಕ್ಷಗಾನದ ಆಟದಲ್ಲಿ ಮೊದಲು ಮಕ್ಕಳ ವೇಷ, ಕೋಡಂಗಿ, ಬಾಲಗೋಪಾಲರ ಕುಣಿತ. ತಿಳಿದವರು ಆಗ ಒಂದು ನಿದ್ದೆ ಮುಗಿಸುತ್ತಾರೆ. ದೊಡ್ಡ ವೇಷಕ್ಕೆ ಚಂಡೆ ಬಿದ್ದಾಗ ಎದ್ದು ಬರುತ್ತಾರೆ. ಹಾಡುಗಾರರ ಮೊದಲ ಆರು ಹಾಡುಗಳನ್ನು ಊರು ಕೋಡಂಗಿಯ ಲೆಕ್ಕಕ್ಕೆ ಹಾಕಿಬಿಟ್ಟಿತ್ತು. ಇದು ಆಟವಲ್ಲ, ಒಂದೂ ಮುಕ್ಕಾಲು ಗಂಟೆಯ ಸಂಗೀತ ಎಂದು ನಾನು ಮೂರು ಗುಂಪುಗಳಿಗೆ ವಿವರಿಸಿದೆ. ಮೂರು ಗುಂಪುಗಳೂ ತಲೆಯಾಡಿಸಿ ಕುಳಿತಲ್ಲೇ ಕುಳಿತವು. ನಾಲ್ಕು ಗಂಟೆ ಐದು ನಿಮಿಷ. ಇನ್ನು ಉಳಿದದ್ದು ಮೂರು ಹಾಡು.

ಆಗ ಆ ಮುದುಕ, "ಅದೆಲ್ಲ ಇರ್ಲಿ, ಅಜ್ಜ ಬಂದ್ರಾ ಮಾಷ್ಟ್ರೆ?" ಎಂದು ಕೇಳಿದ.

"ಬಂದಿದ್ದಾರೆ. ಒಳಗಿದ್ದಾರೆ" ಎಂದೆ.

ಹೇಗೆ ಹೇಳಿದೆನೋ ನನಗೆ ಇಂದಿಗೂ ತಿಳಿಯದು. ನಾಲಿಗೆ ನನ್ನದೇ. ಮಾತು ಮುಗಿಯುವುದರೊಳಗೆ ರಸ್ತೆಬದಿಯೆಲ್ಲ ಎದ್ದು ನಿಂತಿತು. ಐದು ನಿಮಿಷದಲ್ಲಿ ಬೆಂಚು ತುಂಬಿ, ನೆಲ ತುಂಬಿ, ಗೋಡೆಯ ಮೇಲೂ ಜನ ಹತ್ತಿದರು.

ಸಂಗೀತ ಕೇಳಲು ಯಾರೂ ತಯಾರಿರಲಿಲ್ಲ. "ಅಜ್ಜ ಎಲ್ಲಿ?" "ಅಜ್ಜನ್ ಕಳ್ಸಿ!" ಮುಖ್ಯಸ್ಥರು ಎದ್ದು, ನಾವೆಲ್ಲ ರೇಡಿಯೋ ನಾಟಕದವರೇ, ಇವರೇ ನಾಟಕದ ಸಾಹುಕಾರರು ಎಂದು ನುಗ್ಗೆಕಾಯಿಯಂತಿದ್ದ ಪಿಟೀಲಿನ ಹುಡುಗನನ್ನು ತೋರಿಸಿದರು. ಸಭೆಯೆಲ್ಲ ನಕ್ಕಿತು. ರೇಡಿಯೋದ ಸಾಹುಕಾರನೆಂದರೆ ನಮ್ಮ ಕಣ್ಣಿಗೆ ಹೊಟ್ಟೆ ಬಿಟ್ಟು ಉಯ್ಯಾಲೆಯಲ್ಲಿ ಕುಳಿತವನು. ಗಾಡಿ ತುಂಬ ಹಂಚು ತಂದಿದ್ದ ದೊಡ್ಡಮನೆ ಶೆಟ್ಟರು ಮುಂದಿನ ಬೆಂಚಿನಿಂದ ಎದ್ದರು.

"ಹ್ವಾಯ್ ಹೆಡ್ ಮಾಷ್ಟ್ರೆ! ಇವ್ರ್ ರೇಡಿಯೋದವ್ರಾ, ಮದಿ ದಿಬ್ಬಣದ್ ಬ್ಯಾಂಡಿನವ್ರಾ? ನಿಮ್ಗ್ ಯಾರೋ ಟೋಪಿ ಹಾಕಿದ್ರ್ ಕಾಣಿ. ಅಜ್ಜ ಇದ್ರೆ ತೋರ್ಸಿ. ಇಲ್ದಿರೆ ನನ್ ಗಾಡಿ ಬಂದ ದಾರಿಗೇ ತಿರ್ಗತ್ತ್."

ಅವರು ಕೆಟ್ಟವರಲ್ಲ, ಮೋಸ ಹೋದವರ ಸಾಲಿನಲ್ಲಿ ಕುಳಿತು ಅಭ್ಯಾಸವಿಲ್ಲದವರು ಅಷ್ಟೆ. ಆದರೆ ಅವರ ಗಾಡಿ ತಿರುಗಿದರೆ ಅರ್ಧ ಮಾಡು ತಿರುಗಿದಂತೆ. ಹಿಂದಿನ ಸಾಲಿನ ನಾಲ್ಕೈದು ಮಂದಿ ಆಗಲೇ ಗೇಟಿನ ಕಡೆ, ತಮ್ಮ ತಮ್ಮ ಹಂಚಿನ ಕಡೆ ನೋಡುತ್ತಿದ್ದರು. ಮುದುಕ ನನ್ನತ್ತ ಕೈ ತೋರಿಸಿ ಕೂಗಿದ: "ಒಳ್ಗಿದ್ರ್ ಅಂದೇಳಿ ಈ ಮಾಷ್ಟ್ರೇ ಹೇಳಿದ್ರಲೆ!"

ಎಲ್ಲರೂ ನನ್ನನ್ನು ನೋಡಿದರು. ನನ್ನ ಏಳನೆಯ ತರಗತಿಯೂ ನೋಡಿತು.

ಸತ್ಯ ಹೇಳಲು ಜಗಲಿ ಏರಿದ್ದ ಹೆಡ್ ಮಾಸ್ತರರು ಇಳಿದು ನನ್ನ ಬಳಿಗೆ ಬಂದರು.

"ಎಂತ ಹೇಳಿದ್ರಿ ಅವ್ರಿಗೆ?"

"ಅಜ್ಜ ಒಳಗಿದ್ದಾರೆ ಎಂದೆ" ಎಂದೆ. ಸ್ವರ ಕಡಲಿಗಿಂತ ಕೆಳಗಿತ್ತು.

ಅವರು ಕಿವಿಯಿಂದ ಸೀಮೆಸುಣ್ಣ ತೆಗೆದರು. ಎರಡು ಸುತ್ತು ತಿರುಗಿಸಿದರು. ಮತ್ತೆ ಇಟ್ಟರು.

"ಹಾಂಗಾರೆ ಅಜ್ಜ ಒಳ್ಗ್ ಇಪ್ಪುಕೇ ಬೇಕಲ್ಲ" ಎಂದರು.

ಗೋಡೆಯಾಚೆ ಒಣಗಲು ಹಾಕಿದ್ದ ದೋಣಿಯ ಹಾಯಿಯನ್ನು ತರಿಸಿದರು. ನನ್ನನ್ನೂ ಜಗಲಿಗೆ ಹತ್ತಿಸಿ ಅದರ ಒಂದು ತುದಿಯನ್ನು ಕೈಗೆ ಕೊಟ್ಟರು. ಇನ್ನೊಂದು ತುದಿ ಹಿಡಿದು ಸಭೆಗೆ ಹೇಳಿದರು: "ಅಜ್ಜ ಹಾಂಗೆಲ್ಲ ಬಪ್ಪವ್ರಲ್ಲ. ದೊಡ್ಡ ವೇಷ ತೆರೆ ಇಲ್ದೆ ಬತ್ತಾ? ಶೆಟ್ರೆ, ನೀವ್ ಬನ್ನಿ. ತೆರೆ ಹಿಡಿಯುಕೆ ಎತ್ತರದವ್ರ್ ಬೇಕ್."

ಆಟದ ಮುಖ್ಯ ವೇಷ ಮೊದಲು ತೆರೆಯ ಹಿಂದೆ ಕುಣಿಯುತ್ತದೆ. ಇಬ್ಬರು ತೆರೆ ಹಿಡಿಯುತ್ತಾರೆ. ಸಭೆ ಉಸಿರು ಬಿಗಿಹಿಡಿದು ಕಾಯುತ್ತದೆ. ಇದನ್ನು ಊರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಭೆ ತಟ್ಟನೆ ತಣ್ಣಗಾಯಿತು. ಶೆಟ್ಟರು ಒಂದು ಕ್ಷಣ ತಡೆದು ಜಗಲಿ ಏರಿ ಹಾಯಿಯ ತುದಿ ಹಿಡಿದರು. ಹಾಯಿ ಒಣಮೀನು ನಾರುತ್ತಿತ್ತು. ತಂಡದವರೆಲ್ಲ ಮೈಕಿನೊಂದಿಗೆ ಅದರ ಹಿಂದಾದರು. ಹೆಡ್ ಮಾಸ್ತರರು ಜಗಲಿಯ ಬದಿಯಿಂದ ಸುತ್ತಿ ಹೋಗಿ ಮೈಕಿನ ಮುಂದೆ ನಿಂತರು.

ಎರಡು ಕೆಮ್ಮು.

"ಯಾರಪ್ಪಾ ಒಳಗೆ? ಬಾಗಿಲು ತೆಗೀರಿ, ನಾನು ಬಂದೆ."

ತೆಂಗಿನ ಮರಕ್ಕೆ ಕಟ್ಟಿದ್ದ ಧ್ವನಿವರ್ಧಕದಿಂದ ಬುಧವಾರದ ಸ್ವರವೇ ಬಂತು. ಹಿಂದಿನ ಸಾಲು ಅಭ್ಯಾಸದಂತೆ ಸರಿದು ಜಾಗ ಮಾಡಿತು. ನಾನು ಹಾಯಿಯ ಅಂಚಿನಿಂದ ಒಳಗೆ ನೋಡಿದೆ: ಕೊಡೆ ಕಾಲರಿಗೆ ಸಿಕ್ಕಿಸಿಕೊಂಡ ನಮ್ಮ ಹೆಡ್ ಮಾಸ್ತರರು, ಬೆನ್ನು ಬಾಗಿಸಿ, ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ. ಆ ತುದಿಯಲ್ಲಿ ಶೆಟ್ಟರೂ ಒಳಗೆ ನೋಡುತ್ತಿದ್ದರು. ಅವರು ಹಾಯಿಯನ್ನು ಈಗ ಕೆಳಗೆ ಬಿಟ್ಟರೆ ಆಯಿತು, ಮಾಡೂ ಇಲ್ಲ, ಮಾನವೂ ಇಲ್ಲ. ಶೆಟ್ಟರು ಒಮ್ಮೆ ಒಳಗೆ ನೋಡಿದರು, ಒಮ್ಮೆ ಸಭೆಯತ್ತ ನೋಡಿದರು. ಆಮೇಲೆ ತಮ್ಮ ತುದಿಯನ್ನು ಇನ್ನೂ ಒಂದು ಗೇಣು ಮೇಲಕ್ಕೆ ಎತ್ತಿ ಹಿಡಿದರು.

ಯಾಕೆ ಎತ್ತಿದರೆಂದು ನನಗೆ ತಲೆಬುಡ ತಿಳಿಯಲಿಲ್ಲ.

"ಇದೇನಪ್ಪಾ, ಶಾಲೇನೋ ಜರಡೀನೋ?" ಎಂದಿತು ಅಜ್ಜನ ಸ್ವರ. "ತಲೆ ಎತ್ತಿದರೆ ಆಕಾಶ ಕಾಣ್ತದೆ. ಏ ಸಾಹುಕಾರ, ನಿನ್ನ ಮನೆಗೆ ಮಾಡು ಇದೆಯೇನೋ?"

ಪಿಟೀಲಿನ ಹುಡುಗ ಚುರುಕಿನವನು. ಮೈಕಿಗೆ ಬಾಯಿಟ್ಟು, "ನನಗೆರಡು ಮಾಡು ಇದೆಯಯ್ಯಾ ಮುದುಕ, ಒಂದು ಬಿಸಿಲಿಗೆ, ಒಂದು ಮಳೆಗೆ!" ಎಂದು ಗುಡುಗಿದ. "ಅದೇ! ಅವ್ನೇ ಸಾಹುಕಾರ!" ಎಂದು ಸಭೆ ಎದ್ದು ಕೂಗಿತು. ಮುಖ ಕಂಡಾಗ ನಂಬದವರು ಮುಖ ಮರೆಯಾದ ಮೇಲೆ ನಂಬಿದರು. ಹೆಂಗಸು ರೇಡಿಯೋದ ಸೊಸೆಯಾಗಿ ಅತ್ತಳು. ಮುತ್ತಕ್ಕನ ಸಾಲಿನವರು ಸೆರಗು ಕಣ್ಣಿಗೊತ್ತಿಕೊಂಡರು. ಅಜ್ಜ ಸಾಹುಕಾರನಿಂದ ಹಂಚು ಕೇಳಿದ, ಸಾಹುಕಾರ ಹಾಡು ಕೇಳಿದ. ಹಾಗೆ ಉಳಿದ ಮೂರು ಹಾಡುಗಳೂ ಆದವು. ಮೊದಲು ಹಾಡಿದ್ದ ಆರರಲ್ಲಿ ನಾಲ್ಕು ಮತ್ತೊಮ್ಮೆ ಆದವು. ಕೊನೆಯ ಹಾಡಿಗೆ ತೆರೆ ಇಳಿಸಿದಾಗ ಹಿಂದೆ ತಂಡ ಮಾತ್ರ ಇತ್ತು. ಹೆಡ್ ಮಾಸ್ತರರು ಗೇಟಿನಲ್ಲಿ ಹಂಚಿನ ರಾಶಿಯ ಪಕ್ಕ ನಿಂತು, ಯಾರೋ ಮಗುವಿಗೆ ಮೂಗು ಒರೆಸಿಕೊಳ್ಳಲು ಹೇಳುತ್ತಿದ್ದರು.

ಅಜ್ಜನ ಮುಖ ತೋರಿಸಿ ಎಂದು ಯಾರೂ ಕೇಳಲಿಲ್ಲ. ಶೆಟ್ಟರ ಗಾಡಿ ಖಾಲಿಯಾಗಿ ಹೋಯಿತು. ಹೋಗುವಾಗ ಅವರು ಹೆಡ್ ಮಾಸ್ತರರಿಗೆ ಹೇಳಿದ್ದು ಇಷ್ಟೇ: "ಅಜ್ಜನಿಗೆ ಕೆಮ್ಮ್ ಜೋರ್ ಇತ್ತ್. ಕಷಾಯ ಕುಡೀಲಿ."

ಐದು ಐವತ್ತಕ್ಕೆ ತಂಡವನ್ನು ಬಸ್ಸು ಹತ್ತಿಸಿದೆವು. ಬಳಿಕ ಹಂಚುಗಳನ್ನು ಗೇಟಿನಿಂದ ಒಳಗೆ ತಂದು ಗೋಡೆಯುದ್ದಕ್ಕೂ ನಿಲ್ಲಿಸುವ ಕೆಲಸ. ನಾನು ಎತ್ತಿ ಕೊಡುತ್ತಿದ್ದೆ, ಅವರು ಜೋಡಿಸುತ್ತಿದ್ದರು. ಮುತ್ತಕ್ಕ ತನ್ನ ನಾಲ್ಕು ಹಂಚುಗಳನ್ನು ತಾನೇ ತಂದಳು. ಒಬ್ಬಳಿಗೆ ಎರಡು ಸಾಕಿತ್ತಲ್ಲ ಎಂದೆ. "ಎರಡ್ ನನ್ ಮಗನದ್. ಅವ್ನ್ ಬಂದಿಲ್ಲೆ, ಪಾಲ್ ಬತ್ತ್ ಅಲ್ದಾ?" ಎಂದಳು. ಕಡಲು ಬಿಟ್ಟುಕೊಟ್ಟ ಹಂಚುಗಳು. ಒಂದರ ಮೂಲೆಯಲ್ಲಿ ಇನ್ನೂ ಉಪ್ಪಿತ್ತು.

ನನಗೆ ತಡೆಯಲಾಗಲಿಲ್ಲ. "ನನ್ನ ಸುಳ್ಳಿನಿಂದ ನೀವು ಸುಳ್ಳು ಆಡಬೇಕಾಯಿತು ಸಾರ್. ನೀವು ನಿಜ ಹೇಳಲು ಹೊರಟಿದ್ದಿರಿ" ಎಂದೆ.

"ನಿಜ ಹೇಳಿದ್ರೆ ನೀವ್ ಸುಳ್ಳ ಆತಿದ್ರಿ. ನಾಳೆ ಆ ಮಕ್ಳಿಗೆ ಪಾಠ ಮಾಡುವವ್ರ್ ಯಾರ್?" ಎಂದರು. ಆಮೇಲೆ ಮುತ್ತಕ್ಕನ ಕಡೆ ತಿರುಗಿ, ನಾನು ಅದುವರೆಗೆ ಅವರಲ್ಲಿ ಕಾಣದಿದ್ದ ಸಂಕೋಚದಿಂದ, "ಮುತ್ತಕ್ಕ, ನಿಂಗೊಂದ್ ಮಾತ್ ಹೇಳ್ಕ್. ಅಜ್ಜ ಬರ್ಲಿಲ್ಲೆ. ಅದು ನಾನ್. ನಿನ್ ಹಂಚ್ ಬೇಕಾರೆ ತಕಂಡ್ ಹೋಗ್" ಎಂದರು.

ಮುತ್ತಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅದೆಂತ ಹೊಸ ಸುದ್ದಿಯಾ? ಇಪ್ಪತ್ ವರ್ಷ ಈ ಗ್ವಾಡಿ ಆಚಿಂದ ನಿಮ್ ಸ್ವರ ಕೇಂತಾ ಇದ್ದೆ. ಕೆಮ್ಮ್ ಕೇಂಬತಿಗೇ ಗೊತ್ತಾಯ್ತ್. ನಂಗೊಬ್ಳಿಗಲ್ಲ, ಪೂರಾ ಊರಿಗೆ. ಬದಿಯಂಗೆ ಕೂಕಂಡ ಹೆಂಗ್ಸ್, 'ಹೆಡ್ ಮಾಷ್ಟ್ರ್ ಇವತ್ತ್ ಅಜ್ಜ ಆಯಿರ್, ಸುಮ್ನಿರ್' ಅಂದೇಳಿ ನಂಗ್ ತಿವಿದ್ಲ್."

"ಗೊತ್ತಿದ್ದೂ ಹಂಚು ಬಿಟ್ಟರೇ?" ಎಂದು ಕೇಳಿದೆ ನಾನು.

ಅವಳು ಹೆಡ್ ಮಾಸ್ತರರ ಕಡೆಗೇ ತಿರುಗಿ ಹೇಳಿದಳು: "ನನ್ ಮಗ ಮೂರ್ ಸಾಲ್ ಬರ್ದ್ರೆ ನೀವ್ ಮೂವತ್ ಸಾಲ್ ಓದ್ತ್ರಿ. ನಂಗ್ ಓದುಕ್ ಬತ್ತಿಲ್ಲೆ, ಕಣ್ಣ್ ಇತ್ತಲೆ? ಕಾರ್ಡ್ ಖಾಲಿ ಇಪ್ಪುದ್ ಕಾಂತಿಲ್ಯಾ? ಇಷ್ಟ್ ದಿನ ನನ್ ಮಗ ಆದ್ರಿ. ಇವತ್ತ್ ಅಜ್ಜ ಆದ್ರಿ. ಅದ್ಕೆಂತಕ್ಕೆ ಹಂಚ್ ಹಿಂದೆ ತಕಂಬುದ್?"

ಹೆಡ್ ಮಾಸ್ತರರ ಕೈಯಲ್ಲಿದ್ದ ಹಂಚು ಅಲ್ಲಿಯೇ ನಿಂತಿತು. ಕಾಗದ ಓದಿದ ಸಂಜೆಗಳಲ್ಲಿ ಅವರು ಯಾಕೆ ಕೊಡ ಹೊರುತ್ತಿದ್ದರೆಂಬುದು ನನಗೆ ಆಗ ತಿಳಿಯಿತು. ಯಾರು ಯಾರಿಗೆ ತೆರೆ ಹಿಡಿದಿದ್ದರು ಎಂಬುದು ಮಾತ್ರ ಇಂದಿಗೂ ಸರಿಯಾಗಿ ತಿಳಿದಿಲ್ಲ.

ಹಂಚು ಜೋಡಿಸಿ ಮುಗಿದಾಗ ಆರು ಇಪ್ಪತ್ತು. ಅವರು ಬಾವಿಕಟ್ಟೆಗೆ ಹೋಗಿ ಕೊಡ ಇಳಿಬಿಟ್ಟರು. ತುಂಬಿದ ಕೊಡ ಹೊತ್ತು ಹಿತ್ತಿಲಿಗೆ ನಡೆದು ಸಸಿಯ ಬುಡಕ್ಕೆ ಹೊಯ್ದು ಬಂದರು. ಖಾಲಿ ಕೊಡವನ್ನು ನನ್ನ ಕೈಗೆ ಕೊಟ್ಟರು. ಮುತ್ತಕ್ಕ, "ಗೊತ್ತಿದ್ದೂ ಗೊತ್ತಿಲ್ದಾಂಗೆ ಕೂಕಂಡದ್ದ್ ನಾನೂ ಅಲ್ದಾ? ನಂಗೊಂದ್ ಕೊಡ ಕೊಡಿ" ಎಂದು ಕೈಚಾಚಿದಳು.

"ಸುಮ್ನಿರ್ ಮಾರಾಯ್ತಿ. ಊರೆಲ್ಲ ಹೊಯ್ದ್ರೆ ಸಸಿ ಕೊಳೆತ್ತ್" ಎಂದರು ಹೆಡ್ ಮಾಸ್ತರರು.

ನಾನು ಸೇದಿದೆ. ಅಧ್ಯಾಪಕನಾದ ಮೇಲೆ ನಾನು ಹೊತ್ತ ಮೊದಲ ಕೊಡ. ನಡೆಯುವಾಗ ಅರ್ಧ ನನ್ನ ಪಂಚೆಯ ಮೇಲೆಯೇ ಚೆಲ್ಲಿತು. ಉಳಿದದ್ದನ್ನು ಸಸಿಗೆ ಹೊಯ್ದೆ. ಅರ್ಧ ಕೊಡ ಲೆಕ್ಕಕ್ಕೆ ಬರುವುದಿಲ್ಲವೆಂದು ಮರಳಿ ಹೋಗಿ ಇನ್ನೊಂದು ಸೇದಿ ಪೂರ್ತಿ ಹೊಯ್ದೆ. ಆರು ಗಂಟೆ ನಲವತ್ತು ನಿಮಿಷಕ್ಕೆ ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿ, ಹಗ್ಗವನ್ನು ಸುತ್ತಿ ಗೂಟಕ್ಕೆ ಸಿಕ್ಕಿಸಿದೆ.